ಚುಚ್ಚುವ ಕಂಬಳಿಗೆ ಬಂದ ಮೊದಲ ಕಾಮೆಂಟು

ಹೆದರಿಕೊಳ್ಳಲು ಭಾಗ್ಯಾಳಿಗೆ ಕಾರಣವೇ ಬೇಕಿರಲಿಲ್ಲ. ಮಗಳು ಕಸ್ತೂರಿ ಸೀನಿದರೆ ನೆಗಡಿಯಾಯಿತೇನೋ ಎನ್ನುವಳು, ಸೀನದಿದ್ದರೆ ಮೂಗು ಕಟ್ಟಿದೆಯೇನೋ ಎನ್ನುವಳು. ಬೆಳಗಾವಿಯಲ್ಲಿ ಓದಿ ಬೆಳೆದು, ತುಕ್ಕಾನಟ್ಟಿಯ ಕುರುಬರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಸುಶಾಂತನಿಗೆ ಹುಕ್ಕೇರಿಯಲ್ಲಿ ಸರಕಾರಿ ನೌಕರಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದ. ಉಳಿದ ದಿನಗಳಲ್ಲಿ ಮಗ್ಗದ ಮುಂದೆ ಮಾವ ಮಾಯಪ್ಪ, ರಾಟೆಯ ಮುಂದೆ ಅತ್ತೆ ಕಾಡವ್ವ, ಮೊಬೈಲಿನ ಮುಂದೆ ಭಾಗ್ಯಾ.

ಬಾಣಂತನದ ಬೇಸರ ಕಳೆಯಲು ಅವಳೊಂದು ಬ್ಲಾಗು ಶುರುಮಾಡಿದ್ದಳು. ಮಾವ ನೇಯುವ ಕರಿಕಂಬಳಿಯ ಫೋಟೊ, ಕುರಿಗಳ ಉಣ್ಣೆ ಕತ್ತರಿಸುವ ದಿನದ ಗದ್ದಲ, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವ ಬಗೆ, ಹೀಗೆ ಏನಾದರೊಂದು ಬರೆದು ಕೊನೆಗೆ ತನ್ನ ಫೋನ್ ನಂಬರ್ ಹಾಕುವಳು. ಮೊದಮೊದಲು ಧಾರವಾಡದಿಂದ, ಪುಣೆಯಿಂದ ಕಂಬಳಿ ಕೇಳಿ ಫೋನ್ ಬರುತ್ತಿದ್ದವು. ಈಚೆಗೆ ನಿಂತೇಹೋಗಿದ್ದವು. ನೇಯ್ದ ಕಂಬಳಿಗಳು ಒಳಕೋಣೆಯಲ್ಲಿ ಒಂದರ ಮೇಲೊಂದು ಕೂತಿದ್ದವು.

ಕಸ್ತೂರಿಗೆ ಲಸಿಕೆ ಹಾಕಿಸಲು ಗೋಕಾಕಕ್ಕೆ ಹೋದ ದಿನ ಅವಳು ಪೂನಮ್‌ಳ ಕಂಪ್ಯೂಟರ್ ಅಂಗಡಿಗೆ ಹೋದಳು. ಕಾಲೇಜಿನ ಗೆಳತಿ, ಬ್ಲಾಗು ಮಾಡಿಕೊಟ್ಟವಳೂ ಅವಳೇ.

"ಮಂದಿ ಬರ್ತಾರ, ಓದ್ತಾರ, ಸುಮ್ಮನ ಹೋಗ್ತಾರ," ಎಂದಳು ಪೂನಮ್. "ನಿಂದು ಬ್ಲಾಗ್ ಅಲ್ಲ ಭಾಗ್ಯಾ, ಗ್ವಾಡಿ, ತಿರುಗಿ ಮಾತಾಡಂಗಿಲ್ಲ! ಕೆಳಗ ಕಾಮೆಂಟ್ ಹಾಕಾಕ ಜಾಗಾ ಇಡು. ಲೈಕ್ ಇಡು. ಕಂಬಳಿ ತಗೊಂಡಾವರು ತಮ್ಮ ಫೋಟೊ ಹಾಕ್ಲಿ, ಒಬ್ಬರಿಗೊಬ್ಬರು ಮಾತಾಡ್ಲಿ."

"ಯಾರರೆ ಕೆಟ್ಟದ್ದು ಬರದ್ರ?"

"ಬರೀತಾರ. ನಿನ್ನ ಮದುವ್ಯಾಗ ಸಾರು ಉಪ್ಪಾಗಿತ್ತು ಅಂತ ನಾನೂ ಅಂದೀನಿ. ನಿನ್ನ ಗಂಡ ಬಿಟ್ಟು ಹೋದನೇನು?"

ಭಾಗ್ಯಾ ನಗಲಿಲ್ಲ. ಅವಳ ಹೆದರಿಕೆಗೆ ಈ ಸಲ ಕಾರಣವಿತ್ತು. ಹಿಂದೊಮ್ಮೆ ಹುಕ್ಕೇರಿ ಸಂತೆಯಲ್ಲಿ ಯಾರೋ ಮಾಯಪ್ಪನ ಕಂಬಳಿಯನ್ನು ಮುಟ್ಟಿನೋಡಿ, "ಇದು ಗೋಣಿಚೀಲ" ಎಂದನಂತೆ. ಮಾಯಪ್ಪ ಮನೆಗೆ ಬಂದವನೇ ಮಗ್ಗ ಮುಚ್ಚಿಟ್ಟು ಕುರಿಗಳ ಹಿಂದೆ ಹೋದ; ವರ್ಷವಿಡೀ ಲಾಳಿ ಮುಟ್ಟಲಿಲ್ಲ. ಮದುವೆಯಾದ ಹೊಸದರಲ್ಲೇ ಕಾಡವ್ವ ದನಿ ತಗ್ಗಿಸಿ ಹೇಳಿದ್ದಳು: "ಅವರ ಮುಂದ ಕಂಬಳಿಗೆ ಏನೂ ಹೆಸರಿಡಬ್ಯಾಡವಾ." ಓಣಿಯಲ್ಲಿ ಉಳಿದಿರುವುದು ಇದೊಂದೇ ಮಗ್ಗ. ಯಾವಳೋ ಯಾವನೋ ಎಲ್ಲಿಯೋ ಕೂತು ಒಂದು ಮಾತು ಬರೆದು ಅದೂ ನಿಂತರೆ? ಬಾಗಿಲು ತೆರೆದವಳು ತಾನೇ ಆಗುತ್ತೇನಲ್ಲ?

"ಒಂದು ವಾರ ಇಡೂಣು, ಬ್ಯಾಡಾದ್ರ ತಗದಬಿಡೂಣು," ಎಂದು ಪೂನಮ್ ಅಲ್ಲೇ ಕೂತು ಎಲ್ಲವನ್ನೂ ತೆರೆದುಬಿಟ್ಟಳು.

ಆಮೇಲೆ ಭಾಗ್ಯಾಳಿಗೆ ಒಂದೇ ಕೆಲಸವಾಯಿತು. ಲೈಕು ಬಂತೇ ಎಂದು ನೋಡುವುದು. ಬಂದರೆ ಇಷ್ಟೇನಾ ಎನಿಸುವುದು, ಬಾರದಿದ್ದರೆ ಮತ್ತೆ ತೆರೆದು ನೋಡುವುದು. ನೋಡುತ್ತ ನಿಂತು ಹಾಲು ಉಕ್ಕಿಸಿ ಅತ್ತೆಯಿಂದ ಬೈಸಿಕೊಂಡದ್ದೂ ಆಯಿತು.

ಗುರುವಾರ ಬೆಳಿಗ್ಗೆ ಮೊದಲ ಕಾಮೆಂಟು ಬಂತು. ಕಸ್ತೂರಿಯನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ ಫೋಟೊದ ಕೆಳಗೆ ಧಾರವಾಡದ ಸಾವಿತ್ರಿ ಎಂಬವರು ಬರೆದಿದ್ದರು: "ಈ ಫೋಟೊ ನೋಡಿಯೇ ಆಸೆಯಿಂದ ತರಿಸಿಕೊಂಡೆ. ಮೈಗೆಲ್ಲ ಚುಚ್ಚುತ್ತದೆ. ಹೊದಿಸಿದರೆ ನನ್ನ ಮಗು ಅತ್ತು ಕೆಂಪಾಯಿತು. ಇದಕ್ಕಿಂತ ಗೋಣಿಚೀಲ ಮೆತ್ತಗಿರುತ್ತದೆ."

"ಅಯ್ಯೋ!" ಬಾಯಿಂದ ಬಂದೇಬಿಟ್ಟಿತು. ಅದೇ ಮಾತು. ಅಳಿಸಿಹಾಕಲು ಬೆರಳು ಎತ್ತುವಷ್ಟರಲ್ಲಿ ಮಗ್ಗದ ಕಡೆಯಿಂದ ದನಿ ಬಂತು.

"ಏನವಾ, ಯಾರರೆ ಬರದಾರೇನು?"

"ಹೌದ್ರಿ ಮಾವಾರ. ಧಾರವಾಡದಾಕಿ. ಕಂಬಳಿ... ಭಾಳ ಮೆತ್ತಗ ಐತಿ ಅಂದಾಳ್ರಿ."

ಲಾಳಿ ನಿಂತಿತು. ಮಾಯಪ್ಪ ಕನ್ನಡಕ ತೆಗೆದು ಸೊಸೆಯನ್ನು ನೋಡಿದ.

"ಮೆತ್ತಗ? ನಮ್ಮ ಕಂಬಳಿ?"

ಕಾಡವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಹಂಗಾದ್ರ ಆಕಿ ಬ್ಯಾರೆ ಯಾರದೋ ತಗೊಂಡಾಳ," ಎಂದ ಮಾಯಪ್ಪ. " ಹೊಸಾ ಕಂಬಳಿ ಮೆತ್ತಗ ಐತಿ ಅಂದಾವರನ್ನ ನಾ ಇನ್ನೂ ನೋಡಿಲ್ಲ. ಖರೆ ಏನೈತಿ ಅದನ್ನ ಓದು."

ಭಾಗ್ಯಾ ಓದಿದಳು. ಗೋಣಿಚೀಲದ ಮಾತನ್ನೂ ಬಿಡಲಿಲ್ಲ. ಕಾಡವ್ವ ರಾಟೆ ಬಿಟ್ಟು ಗಂಡನನ್ನು ನೋಡಿದಳು.

"ಹುಕ್ಕೇರಿ ಸಂತ್ಯಾಗ ಒಬ್ಬಾಂವ ಇದನ್ನ ಅಂದಿದ್ದ," ಎಂದ ಮಾಯಪ್ಪ.

"ಗೊತ್ತೈತ್ರಿ. ಅದಕ್ಕ ನಾನು..."

"ಅಂದದ್ದಕ್ಕ ಸಿಟ್ಟಿಲ್ಲವಾ. ಅಂದಾಂವ ನಿಲ್ಲಲಿಲ್ಲ. ನಾ ಬಾಯಿ ತೆಗಿಯೂದ್ರಾಗ ಮಂದ್ಯಾಗ ಹೋಗಿಬಿಟ್ಟ. ನನ್ನ ಮಾತು ನನ್ನ ಹೊಟ್ಯಾಗ ಉಳೀತು. ಮಗ್ಗಕ್ಕ ಕುಂತಾಗೊಮ್ಮೆ ಮನಸಿನ್ಯಾಗ ಅವನ ಕೂಡ ಜಗಳಾಡ್ತಿದ್ದೆ, ಕೈ ತಪ್ಪತಿತ್ತು." ಅವನು ಮೊಬೈಲಿನತ್ತ ಬಾಗಿದ. "ಈಕಿ ಇನ್ನೂ ಅಲ್ಲೇ ಅದಾಳೇನು? ನಾವು ಹೇಳಿದ್ರ ಕೇಳ್ತಾಳೇನು?"

ಕಾಮೆಂಟಿನ ಜಾಗದಿಂದ ಬರಬಹುದಾದ ಕೇಡುಗಳನ್ನೆಲ್ಲ ಭಾಗ್ಯಾ ಊಹಿಸಿಕೊಂಡಿದ್ದಳು. ಪ್ರತಿ ಕಾಮೆಂಟಿನ ಕೆಳಗೆ ಉತ್ತರ ಬರೆಯಲೂ ಜಾಗವಿರುತ್ತದೆ ಎಂಬುದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕೇಳ್ತಾಳ್ರಿ."

"ಹಂಗಾದ್ರ ಬರಿ. ಧಾರವಾಡದಾಗ ಗೋಣಿಚೀಲ ಭಾಳ ಚಲೋ ಸಿಗತಾವು ಕಾಣತೈತಿ, ನಮಗೂ ಎರಡು ಕಳಸು ಅಂತ ಬರಿ!"

"ಆತು, ಮುಗೀತು ನಿಮ್ಮ ವ್ಯಾಪಾರ!" ಎಂದಳು ಕಾಡವ್ವ.

ಭಾಗ್ಯಾಳಿಗೆ ನಗು ತಡೆಯಲಾಗಲಿಲ್ಲ. "ಹಂಗ ಬರಿಯಾಕ ಬರಂಗಿಲ್ರಿ ಮಾವಾರ."

"ಮತ್ತ ನೀ ಏನು ಬರೀತಿ?"

ಅವಳಿಗೆ ಆ ಮಗುವಿನ ಅಳು ಕಿವಿಯಲ್ಲಿ ಕೇಳಿದಂತಾಯಿತು. ಕಸ್ತೂರಿಯೂ ಹಾಗೆಯೇ ಅತ್ತಿದ್ದಳು. ಆವತ್ತೇ ಭಾಗ್ಯಾ ತನ್ನ ತಾಯಿಯ ಹಳೆಯ ಹತ್ತಿ ಸೀರೆಯನ್ನು ಕಂಬಳಿಯ ಒಳಬದಿಗೆ ಹೊಲಿದಿದ್ದಳು. ಮಾಸಿದ ಸೀರೆ ಚೆಂದ ಕಾಣುವುದಿಲ್ಲವೆಂದು ಫೋಟೊ ತೆಗೆಯುವಾಗ ಅದರ ಅಂಚನ್ನು ಒಳಗೆ ಮಡಚಿಟ್ಟಿದ್ದಳು.

ಅವಳು ಬರೆದಳು: "ಸಾವಿತ್ರಿಯವರೇ, ಹೊಸ ಕಂಬಳಿ ಚುಚ್ಚುತ್ತದೆ, ನಿಜ. ನಾನು ಮೊದಲೇ ಹೇಳಬೇಕಿತ್ತು. ನನ್ನ ಮಗಳ ಕಂಬಳಿಗೆ ಒಳಗೆ ಹಳೆಯ ಸೀರೆ ಹೊಲಿದಿದ್ದೇನೆ, ಫೋಟೊದಲ್ಲಿ ಅದು ಕಾಣುವುದಿಲ್ಲ. ಮಗುವಿನ ಮೈಯ ಕೆಂಪು ಇಳಿಯಿತೇ? ನನಗೆ ಅದೇ ಚಿಂತೆ." ಸೀರೆ ಕಾಣುವಂತೆ ಇನ್ನೊಂದು ಫೋಟೊ ತೆಗೆದು ಹಾಕಿದಳು.

ಮಧ್ಯಾಹ್ನ ಕಸ್ತೂರಿಗೆ ಉಣಿಸುತ್ತಿದ್ದಾಗ ಮೊಬೈಲು ಸದ್ದು ಮಾಡಿತು. "ಇಳಿದಿದೆ. ಸೀರೆಯನ್ನು ಅಂಚಿಗೆ ಮಾತ್ರ ಹೊಲಿಯಬೇಕೋ, ನಡುವೆಯೂ ಹೊಲಿಗೆ ಹಾಕಬೇಕೋ?" ಭಾಗ್ಯಾ ಕೈ ತೊಳೆದು ಬರುವಷ್ಟರಲ್ಲಿ ಬೇರೆ ಯಾರೋ ಉತ್ತರಿಸಿಯಾಗಿತ್ತು. ಇಲ್ಲೇ ಹತ್ತಿರದ ಮೇಲವಂಕಿ ಊರಿನವರಂತೆ, ಈಗ ಪುಣೆಯಲ್ಲಿದ್ದಾರಂತೆ: "ನಡುವೆ ಹೊಲಿಯಬೇಡಿ, ಒಗೆಯಲು ಬಿಚ್ಚಬೇಕಲ್ಲ. ನನಗೂ ಒಂದು ಕಂಬಳಿ ಬೇಕಿತ್ತು. ನಮ್ಮಜ್ಜಿಯ ಮನೆಯದು ಹೀಗೇ ಚುಚ್ಚುತ್ತಿತ್ತು."

ವಾರ ಮುಗಿದಾಗ ಪೂನಮ್ ಫೋನ್ ಮಾಡಿದಳು. "ಏನವಾ, ಎಲ್ಲಾ ತಗೀಲೇನು?"

"ಕಾಮೆಂಟ್ ಇರ್ಲಿ. ತಗೊಂಡಾವರು ಫೋಟೊ ನನಗ ಕಳಸ್ಲಿ, ಸಣ್ಣ ಹುಡುಗೂರ ಮಾರಿ ಕಾಣತಿದ್ರ ಅವರ ಮನ್ಯಾಗ ಕೇಳಿ ಹಾಕ್ತೀನಿ. ಲೈಕ್ ತಗದಬಿಡು."

"ಹುಚ್ಚಿ, ಎಲ್ಲಾರೂ ಅದನ್ನ ಮೊದಲ ಇಡ್ತಾರ!"

"ಅದಕ್ಕ ಉತ್ತರಾ ಬರಿಯಾಕ ಬರಂಗಿಲ್ಲಲೇ. ಸುಮ್ಮನ ಹಾಲು ಉಕ್ಕತೈತಿ."

ಈಗ ಸಂಜೆಯ ಚಹಾ ಕುಡಿಯುವಾಗ ಮಾಯಪ್ಪ ತಪ್ಪದೆ ಕೇಳುತ್ತಾನೆ: "ಇವತ್ತ ಯಾರು ಬೈದಾರ?"

"ಯಾರೂ ಇಲ್ರಿ ಮಾವಾರ."

"ಯಾರೂ ಇಲ್ಲ?" ಅವನು ಬೇಸರದಿಂದ ಲೋಟ ಕೆಳಗಿಡುತ್ತಾನೆ. "ತಡಿ, ಹೊಸಾದು ನಾಳಿಗೆ ಮುಗೀತೈತಿ. ಫೋಟೊ ಹಾಕು. ಬೈಯಾಕರೆ ಅವರಿಗೆ ಏನರೆ ಬೇಕಲ್ಲ."

ತೊಟ್ಟಿಲಲ್ಲಿ ಕಸ್ತೂರಿ ಸೀನುತ್ತಾಳೆ. ಭಾಗ್ಯಾ ಎದ್ದು ಹಣೆ ಮುಟ್ಟಿ ನೋಡಿ, ಮತ್ತೆ ಬಂದು ಉತ್ತರ ಬರೆಯಲು ಕೂರುತ್ತಾಳೆ. ಪಕ್ಕದಲ್ಲಿ ಲಾಳಿ ಓಡಾಡತೊಡಗುತ್ತದೆ.