ಪಾಸ್‌ವರ್ಡ್ ಮೇಡಂ ಮತ್ತು ಲ್ಯಾಬಿನ ಗಡಿಯಾರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪಾಸ್‌ವರ್ಡ್ ಮೇಡಂ ಎನ್ನುತ್ತಿದ್ದರು. ಪಾಸ್‌ವರ್ಡ್ ಮರೆತವರೆಲ್ಲ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳಿಗೇ ಫೋನು ಮಾಡುತ್ತಿದ್ದರಲ್ಲ, ಅದಕ್ಕೆ. ಮರೆಯದೆ ಏನು ಮಾಡಿಯಾರು, ಪಾಪ? ಸರ್ವರುಗಳಲ್ಲಿ ಅರ್ಧ ವಿಂಡೋಸ್, ಅರ್ಧ ಲಿನಕ್ಸ್. ಒಂದಕ್ಕೊಂದು ಎಣ್ಣೆ ಸೀಗೆಕಾಯಿ. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್. ಕೆಲಸ ಬಿಟ್ಟವನ ಖಾತೆಯನ್ನು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದೇ ಇರುತ್ತಿತ್ತು. ರೋಗಿಗಳ ಗುಟ್ಟು ಬೀದಿಪಾಲಾಗಲು ಅಷ್ಟು ಸಾಕು ಎಂದು ಅವಳಿಗೆ ಒಳಗೊಳಗೇ ಕುದಿ.

ಕೊನೆಗೆ ಹಟ ಹಿಡಿದಳು. ಎಲ್ಲರ ಖಾತೆಯೂ ಒಂದೇ ಕೇಂದ್ರ ಡೈರೆಕ್ಟರಿಯಲ್ಲಿರಬೇಕು. ಸರ್ವರು ಯಾವ ಕುಲದ್ದೇ ಆಗಲಿ, ಬಾಗಿಲಿಗೆ ಬಂದವರು ಯಾರೆಂದು ಅದನ್ನೇ ಕೇಳಬೇಕು. ನಿರ್ದೇಶಕರು ಒಲ್ಲದ ಮನಸ್ಸಿನಿಂದ ಒಪ್ಪಿದರು. "ಒಂದು ವಿಭಾಗ ನಿಂತ್ರೂ ಹಳೇ ಪದ್ಧತಿಗೆ ವಾಪಸ್," ಎಂದರು.

ಬದಲಾವಣೆಯ ಬೆಳಿಗ್ಗೆ ವಾರ್ಡು, ಬಿಲ್ಲಿಂಗು ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಒಳಗೆ ಹೋದವು. ರಕ್ತಪರೀಕ್ಷೆಯ ಲ್ಯಾಬು ಮಾತ್ರ ಹೊರಗೇ ಉಳಿಯಿತು. ಲ್ಯಾಬಿನ ಮುಖ್ಯಸ್ಥೆ ಅವಳ ಗಂಡನ ಅಕ್ಕ. ಆಸ್ಪತ್ರೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಸಂಬಂಧ ಮನೆಯಲ್ಲಿ, ಕೆಲಸ ಕೆಲಸದಲ್ಲಿ ಎನ್ನುವ ಖಡಕ್ ಹೆಂಗಸು ಆ ಅತ್ತಿಗೆ.

"ಮೇಡಂ, ಟ್ರೇ ತುಂಬ ಸ್ಯಾಂಪಲ್ ಇದೆ. ನಾವ್ಯಾರೂಂತ ನಿಮ್ಮ ಡೈರೆಕ್ಟರಿಗೆ ಗೊತ್ತಿಲ್ವಂತಾ?" ಎಂದಳು ಅತ್ತಿಗೆ. ಅವಳ ಹಿಂದೆ ನಿರ್ದೇಶಕರು ಕೈಕಟ್ಟಿ ನಿಂತಿದ್ದರು.

ಪಾಸ್‌ವರ್ಡ್ ಸರಿಯಿತ್ತು, ಸಂಪರ್ಕವೂ ಸರಿಯಿತ್ತು. ಪರದೆಯ ಮೂಲೆಯತ್ತ ಅವಳ ಕಣ್ಣು ಹೋಯಿತು. ಲ್ಯಾಬಿನ ಸರ್ವರು ಅವಳ ಮೊಬೈಲಿಗಿಂತ ಹತ್ತು ನಿಮಿಷ ಮುಂದಿತ್ತು. ಗೋಡೆಯ ಗಡಿಯಾರವೂ ಅಷ್ಟೇ. ತಕ್ಷಣ ಹೊಳೆಯಿತು. ಗಡಿಯಾರ ಮುಂದಿದ್ದರೆ ಮನುಷ್ಯ ಹಿಂದೆ ಬೀಳುವುದಿಲ್ಲ ಎಂದು ಅತ್ತಿಗೆ ಮನೆಯ ಗಡಿಯಾರಗಳನ್ನೂ ಬಿಡದೆ ಹತ್ತು ನಿಮಿಷ ಮುಂದಿಟ್ಟವಳು. ಡೈರೆಕ್ಟರಿಯೋ, ಮಹಾ ಅನುಮಾನದ ಪ್ರಾಣಿ. ಒಳಗೆ ಬಿಡುವ ಚೀಟಿಯ ಮೇಲೆ ವೇಳೆ ಹಾಕಿಯೇ ಕೊಡುವುದು ಅದು. ಎರಡೂ ಕಡೆಯ ವೇಳೆ ತಾಳೆಯಾಗದಿದ್ದರೆ ಕಳ್ಳಚೀಟಿಯೆಂದೇ ಲೆಕ್ಕ.

ಸರ್ವರು ಇನ್ನು ಮೇಲೆ ಡೈರೆಕ್ಟರಿಯ ವೇಳೆಯನ್ನೇ ಅನುಸರಿಸುವಂತೆ ಮಾಡಿದಳು. "ಈಗ ನೋಡಿ," ಎಂದಳು. ಅತ್ತಿಗೆ ಟೈಪು ಮಾಡಿದಳು. ಲ್ಯಾಬು ತೆರೆಯಿತು.

ನಿರ್ದೇಶಕರು ಮಾತ್ರ ತಲೆಯಾಡಿಸಿದರು. "ನಿಂತಿದ್ದಂತೂ ನಿಂತಿತು. ಇದು ಬೇಡ, ಹಳೇದೇ ಇರಲಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಕುರ್ಚಿಯಿಂದ ಎದ್ದಳು. "ಗಡಿಯಾರ ಮುಂದಿಟ್ಟಿದ್ದು ನಾನು ಸಾರ್, ಯಾರಿಗೂ ಹೇಳಿರ್ಲಿಲ್ಲ. ನಂದು ತಪ್ಪು. ಅದನ್ನ ನಿಂತ ನಿಲುವಿನಲ್ಲಿ ಹಿಡಿದಿದ್ದು ಇವಳು."

"ನೀವ್ಯಾಕೆ ಇವರ ಪರ?" ಎಂದರು ನಿರ್ದೇಶಕರು.

"ಕೆಲಸ ಸರಿಯಾಗಿದೆ, ಅದಕ್ಕೆ. ಜೊತೆಗೆ ಇವಳು ನಮ್ಮನೆ ಸೊಸೆ, ನನ್ನ ತಮ್ಮನ ಹೆಂಡತಿ."

ಲ್ಯಾಬಿಗೆ ಲ್ಯಾಬೇ ಕತ್ತೆತ್ತಿ ನೋಡಿತು. ಪಾಸ್‌ವರ್ಡ್ ಮೇಡಂ ಅತ್ತಿಗೆಯನ್ನೇ ನೋಡುತ್ತ ಹೆಮ್ಮೆಯಿಂದ ನಿಂತಳು. ನಿರ್ದೇಶಕರು ಒಮ್ಮೆ ಅವಳನ್ನು, ಒಮ್ಮೆ ಅತ್ತಿಗೆಯನ್ನು ನೋಡಿ, "ಸರಿ, ತಪ್ಪು ಗಡಿಯಾರದ್ದು ತಾನೇ. ಹೊಸದೇ ಇರಲಿ," ಎಂದು ಹೊರಟರು.

"ಇನ್ನೇನು ನೋಡ್ತಾ ನಿಂತಿದೀಯ?" ಎಂದಳು ಅತ್ತಿಗೆ, ಎಲ್ಲರೆದುರಿಗೂ. "ಹೋಗಮ್ಮ, ನಿನ್ನ ಆಸ್ಪತ್ರೆ ಕಾಯ್ತಿದೆ."