ಗುಡ್ಡದ ಮೇಲೆ ಚರಗ

ಗುಡ್ಡ ಹತ್ತಲು ಹೋಗುವವರು ಏನೇನು ಒಯ್ಯುತ್ತಾರೆ? ನೀರಿನ ಬಾಟಲಿ, ಟೋಪಿ, ಪವರ್ ಬ್ಯಾಂಕ್. ನಮ್ಮ ಅತ್ತೆಯ ಚೀಲದಲ್ಲಿ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಒಂದು ಸ್ಟೀಲ್ ಕ್ಯಾನಿನ ತುಂಬ ಅಂಬಲಿ ಮತ್ತು ಬಿಳಿ ಬಟ್ಟೆಯ ಒಂದು ಗಂಟು ಇದ್ದವು. ಕುಂಚಾವರಂ ಕಾಡಿನ ಗೇಟಿನಲ್ಲಿ ಫಾರೆಸ್ಟ್ ಗಾರ್ಡ್ ಎಲ್ಲವನ್ನೂ ಇಣುಕಿ ನೋಡಿದ. ಪ್ಲಾಸ್ಟಿಕ್ ಒಂದು ಚೂರೂ ಸಿಗಲಿಲ್ಲ. (ನನ್ನ ಬ್ಯಾಗಿನಲ್ಲಿ ಬೇಕಾದಷ್ಟು ಸಿಕ್ಕಿತು.) ಕಡೆಗೆ ಗಂಟಿನ ಕಡೆ ಬೆರಳು ತೋರಿಸಿದ.

“ಇದೇನ್ರೀ ಅವ್ವಾ?”

“ಚರಗ,” ಅಂದಳು ಅತ್ತೆ.

ಗಾರ್ಡ್ ಮುಂದೆ ಕೇಳಲಿಲ್ಲ. ಅಂದು ಎಳ್ಳಮಾಸಿ.

ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳಬೇಕು. ಎಳ್ಳು ಅಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಊರುಗಳಲ್ಲಿ ಮನೆಗಳಿಗೆ ಬೀಗ. ಎಲ್ಲರೂ ಹೊಲದಲ್ಲಿ. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ವರ್ಷವಿಡೀ ನಮಗೆ ಉಣ್ಣಲು ಕೊಟ್ಟ ಭೂಮಿಗೆ ಒಂದು ದಿನ ನಾವು ಉಣ್ಣಿಸುವುದು. ಭೂಮಿಗೆ ಬಡಿಸಿದ ಮೇಲೇ ನಮ್ಮ ಊಟ. ಆ ಹೊತ್ತಿಗೆ ದಾರಿಯಲ್ಲಿ ಯಾರು ಕಂಡರೂ ಕರೆದು ಕೂರಿಸಬೇಕು.

ಅತ್ತೆಯ ಕಷ್ಟವೇನೆಂದರೆ ಈ ವರ್ಷ ಅವಳಿಗೆ ಹೊಲವಿಲ್ಲ.

ಶಹಾಬಾದ್ ಪಕ್ಕದ ಹೊಲ ಅದು. ಕೆಳಗೆ ಮನೆಯ ನೆಲಕ್ಕೆ ಹಾಸುವ ಒಳ್ಳೆಯ ಫರ್ಸಿ ಕಲ್ಲು ಇತ್ತು. ಮಾವ ಇದ್ದಾಗಲೇ ಕಲ್ಲಿನವರಿಗೆ ಕೊಟ್ಟರು. ಅವರು ಅಗೆಯುತ್ತ ಬಂದರು, ಅತ್ತೆ ಹಿಂದೆ ಸರಿಯುತ್ತ ಬಂದಳು. ಹೋದ ವರ್ಷ ಬದುವಿನ ಗುಂಟ ಒಂದು ಪಟ್ಟಿ ನೆಲ, ಒಂದು ಬೇವಿನ ಗಿಡ ಉಳಿದಿದ್ದವು. ಅಲ್ಲೇ ಚರಗ ಚೆಲ್ಲಿದಳು. ಈ ವರ್ಷ ಗಿಡವೂ ಇಲ್ಲ, ಬದುವೂ ಇಲ್ಲ. ನೀರು ನಿಂತ ಹೊಂಡ ಮಾತ್ರ ಇದೆ.

ಹಬ್ಬದ ದಿನ ಮನೆಯಲ್ಲಿ ಕೂತರೆ ಅಳುತ್ತಾಳೆ ಅನಿಸಿತು. ಸೇಡಂನಿಂದ ಕಾರು ತೆಗೆದುಕೊಂಡು ಹೋಗಿ, “ನಡಿ ಅತ್ತಿ, ಗುಡ್ಡ ನೋಡಿ ಬರೂಣು,” ಅಂದೆ. ಪಿಕ್ನಿಕ್ ನನ್ನ ಐಡಿಯಾ. ಗಂಟು ಅವಳದು.

ಚಿಂಚೋಳಿ ದಾಟಿದ ಮೇಲಿನ ಈ ಕಾಡಿನ ಬಗ್ಗೆ ನಮಗೆ ಭಾರೀ ಅಭಿಮಾನ. ವಾಡಿ, ಚಿತ್ತಾಪುರದ ಜನ ಇದನ್ನು ಊಟಿ ಅಂದೇ ಲೆಕ್ಕ ಹಾಕುತ್ತಾರೆ. ನಿಜವಾದ ಊಟಿಯವರು ನೋಡಿದರೆ ದಿಬ್ಬ ಅಂದಾರು. ಏನು ಮಾಡುವುದು? ನಮ್ಮ ಕಡೆ ಉಳಿದ ಗುಡ್ಡಗಳೆಲ್ಲ ಗಣಿಯವರು ಎಸೆದ ವೇಸ್ಟ್ ಕಲ್ಲಿನವು.

ತುದಿ ತಲುಪಿದೆವು. ಗಾಳಿ ಚೆನ್ನಾಗಿತ್ತು. ಒಂದು ಕಡೆ ಕಾಡು, ಇನ್ನೊಂದು ಕಡೆ ಕಣ್ಣು ಹೋಗುವಷ್ಟು ದೂರ ಕಪ್ಪು ನೆಲ. ಪಕ್ಕದಲ್ಲಿ ಒಂದಿಷ್ಟು ಹುಡುಗಿಯರು ರೀಲ್ಸ್ ಮಾಡುತ್ತಿದ್ದರು. ನಾನೂ ಫೋನ್ ತೆಗೆದೆ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಅಲ್ಲಿ ನೋಡು, ತೊಗರಿ ಒಣಗಿ ನಿಂತದ. ಇನ್ನಾ ಕೊಯ್ದಿಲ್ಲ. ಎಂಥಾ ಮಂದಿ ಇದು.”

ವ್ಯೂ ಪಾಯಿಂಟ್‌ನಿಂದ ಬೇರೆಯವರ ಹೊಲದ ಇನ್‌ಸ್ಪೆಕ್ಷನ್ ನಡೆಯಿತು. ಆಮೇಲೆ ಅವಳ ಕಣ್ಣು ಹೊಲದಲ್ಲಿದ್ದ ಜನರ ಮೇಲೆ ಹೋಯಿತು. ಕೆಳಗೆ ಗಿಡಕ್ಕೊಂದು ಗುಂಪು, ಬದುವಿಗೊಂದು ಟ್ರ್ಯಾಕ್ಟರ್. ಸೀಮೆಗೆ ಸೀಮೆಯೇ ತಂತಮ್ಮ ಹೊಲದಲ್ಲಿ ಕೂತಿತ್ತು. ನಾನು ಅವಳನ್ನು ಕರೆತಂದದ್ದು ಇದನ್ನು ಮರೆಯಲಿ ಎಂದು. ನಿಲ್ಲಿಸಿದ್ದು ಇದೆಲ್ಲ ಒಟ್ಟಿಗೆ ಕಾಣುವ ಜಾಗದಲ್ಲಿ.

ಅತ್ತೆ ಗಂಟು ಬಿಚ್ಚಿದಳು. ಒಂದು ಹಿಡಿ ತೆಗೆದಳು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಅದೇ ಗಾರ್ಡ್. ಗೇಟಿನಿಂದಲೂ ಹಿಂದೆಯೇ ಬಂದಿದ್ದಾನೆ.

“ಅವ್ವಾ, ಇಲ್ಲಿ ಚೆಲ್ಲಬ್ಯಾಡ್ರಿ. ಮಂಗ್ಯಾಗೋಳಿಗಿ ರುಚಿ ಹತ್ತಿತಂದ್ರ ಮಂದಿ ಮ್ಯಾಲ ಬೀಳ್ತಾವ. ಸಾಹೇಬ್ರು ನನಗ ಕೇಳ್ತಾರ.”

“ನಾ ಚೆಲ್ಲಲಿಕತ್ತಿಲ್ಲಪ. ಉಣ್ಣಸಲಿಕತ್ತೀನಿ.”

“ಯಾರಿಗಿ?”

“ಭೂಮಿಗಿ.”

“ಇದು ಭೂಮಿ ಅಲ್ರಿ ಅವ್ವಾ. ಫಾರೆಸ್ಟ್.”

ಇಬ್ಬರೂ ನನ್ನ ಮುಖ ನೋಡಿದರು. ಮಂಗಗಳಿಗೆ ಬಿಸ್ಕಿಟ್ ಹಾಕಬೇಡಿ ಎಂದು ಇದೇ ಅಂಕಣದಲ್ಲಿ ಉಪದೇಶ ಮಾಡಿದವನು ನಾನು. ಗಾರ್ಡ್ ಹೇಳಿದ್ದರಲ್ಲಿ ತಪ್ಪಿಲ್ಲ. ಅತ್ತೆಯ ಮುಷ್ಟಿಯೂ ಸಡಿಲವಾಗಲಿಲ್ಲ. ಹಾಗೇ ಹಿಡಿದುಕೊಂಡು ಕೆಳಗಿನ ಹೊಲಗಳನ್ನು ನೋಡುತ್ತ ನಿಂತಳು. ನನಗೆ ಬಹಳ ಕೆಡುಕೆನಿಸಿತು.

ಆಮೇಲೆ ಹಿಡಿಯನ್ನು ಗಂಟಿಗೆ ಮರಳಿ ಹಾಕಿದಳು.

“ನೀ ಉಂಡೀ ಏನಪ?”

“ಇಲ್ರಿ. ಮನಿಯವ್ರೆಲ್ಲಾ ಹೊಲಕ್ಕ ಹೋಗ್ಯಾರ. ನನಗ ಡ್ಯೂಟಿ.”

“ಕುಂದ್ರು.”

ನಲವತ್ತು ದಾಟಿದ ಮನುಷ್ಯ, ಮೈಮೇಲೆ ಯೂನಿಫಾರ್ಮ್. ಆ ಕಡೆ ಈ ಕಡೆ ನೋಡಿ ಬಂಡೆಯ ಮೇಲೆ ಕೂತ. ಅತ್ತೆ ರೊಟ್ಟಿಯ ಮೇಲೆ ಭಜ್ಜಿ ಹಾಕಿಕೊಟ್ಟಳು. ಅವನು ಉಣ್ಣುತ್ತಿರುವಾಗಲೇ ವಿಚಾರಣೆ ಶುರುವಾಯಿತು. ಹೊಲ ಎಲ್ಲಿ? ಚಿಮ್ಮನಚೋಡದ ಕಡೆ. ಏನು ಬಿತ್ತಿದ್ದೀರಿ? ಕಡಲೆ, ಬಿಳಿಜೋಳ. ಇವತ್ತು ಹೊಲ ಕಾಣುತ್ತೀಯೋ ಇಲ್ಲವೋ?

“ಸಂಜಿಗಿ ಡ್ಯೂಟಿ ಬಿಟ್ಟು ಹೊಂಟೀನ್ರಿ. ಹೊತ್ತು ಮುಳುಗೂದ್ರಾಗ ಮುಟ್ತೀನಿ.”

ಅತ್ತೆ ಗಂಟನ್ನು ಬಿಗಿಯಾಗಿ ಕಟ್ಟಿ ಅವನ ಮುಂದೆ ಹಿಡಿದಳು.

“ಇದನ್ನೂ ಅಲ್ಲೇ ಹಾಕು.”

ಅವನು ಕೈ ತೊಳೆದು, ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಕೇಳಿದ.

“ಏನಂತ ಹೇಳಿ ಹಾಕ್ಲಿ ಅವ್ವಾ?”

“ಶಹಾಬಾದ ಕಡಿ ಹೊಲದ್ದು ಅನ್ನು. ಅದಕ್ಕ ತಿಳೀತದ.”

ಅದಾದ ಮೇಲೆ ಅವಳು ಊಟ ಮಾಡಿದಳು. ಹೊಟ್ಟೆತುಂಬ. ಗುಡ್ಡ ಹೇಗಿತ್ತು ಎಂದು ಇಳಿಯುವಾಗ ಕೇಳಿದೆ. “ಗಾಳಿ ಭಾಳ,” ಅಂದಳು. ಅಷ್ಟೇ.

ಕಾರಿನಲ್ಲಿ ಸೇಡಂ ದಾಟಿದ ಮೇಲೂ ನಿದ್ದೆ. ಶಹಾಬಾದ್ ಹತ್ತಿರ ಎದ್ದು ಕೂತಳು. ರಸ್ತೆಯ ಪಕ್ಕ ವೇಸ್ಟ್ ಕಲ್ಲಿನ ಗುಡ್ಡಗಳು ಬರತೊಡಗಿದ್ದವು. ಅವುಗಳನ್ನು ನೋಡುತ್ತಲೇ ಮಾತಾಡಿದಳು.

“ಛಲೋ ಮನುಷ್ಯಾ ಅಂವ. ಒಂದು ಹಿಡಿ ಚೆಲ್ಲತಾಳಂತ ಗುಡ್ಡಾ ಹತ್ತಿ ಬಂದ.”

ಹೌದು ಅಂದೆ. ಅವಳು ಅಷ್ಟಕ್ಕೇ ಬಿಟ್ಟಳು, ಉಳಿದದ್ದನ್ನು ನಾನು ಕೇಳುತ್ತೇನೆ: ಆ ಹೊಲವನ್ನು ಹೊಂಡ ಮಾಡುವಾಗ ಬೇಡ ಎನ್ನಲು ಯಾರಾದರೂ ಹೀಗೆ ಓಡಿ ಬಂದಿದ್ದರೇ?