ಎಪ್ಪತ್ತು ನಿಮಿಷದ ಅಕ್ಕ

ಆ ಪುಟ್ಟ ವಿಮಾನ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂರುವ ಅಕ್ಕನನ್ನು ಎಲ್ಲರೂ ಎಪ್ಪತ್ತಕ್ಕ ಅಂತಲೇ ಕರೆಯೋದು. ವಯಸ್ಸು ಅಂದುಕೊಂಡೀರಿ ಮತ್ತೆ, ಅವಳಿಗಿನ್ನೂ ಐವತ್ತಾರು! ಗುಡ್ಡಗಳ ಆಚೆಯ ಊರಿಗೂ ಇಲ್ಲಿಗೂ ರಸ್ತೆಯಲ್ಲಿ ನಾನೂರು ಕಿಲೋಮೀಟರ್. ಬಸ್ಸು ಹತ್ತಿದರೆ ಒಂಬತ್ತು ಗಂಟೆ, ಸೊಂಟ ಬಿದ್ದುಹೋಗುತ್ತೆ. ಆಕಾಶದಲ್ಲಿ ನೇರ ಇನ್ನೂರೈವತ್ತು, ಐವತ್ತೇ ನಿಮಿಷ. ಅವಳ ಕುರ್ಚಿಯ ಹಿಂದಿನ ಬೋರ್ಡಿನಲ್ಲೂ ಹಾಗೇ ಬರೆದಿದೆ. ಆದರೆ ಕಾಯುವವರು ಯಾರೇ ಕೇಳಲಿ, ಅಕ್ಕನ ಬಾಯಲ್ಲಿ ಒಂದೇ ಮಾತು: "ಅಲ್ಲಿಂದ ಹೊರಟ ಮೇಲೆ ಎಪ್ಪತ್ತು ನಿಮಿಷ."

"ಏನಕ್ಕಾ, ಆಕಾಶದಲ್ಲೂ ಹಂಪ್ಸ್ ಹಾಕಿಸಿದ್ದೀರಾ?" ಅಂತ ಪಕ್ಕದಲ್ಲಿ ಸಾಮಾನು ತೂಗುವವನು ದಿನಾ ಕಾಲೆಳೆಯುತ್ತಿದ್ದ.

"ನಿನ್ನ ತಕ್ಕಡಿ ನೋಡ್ಕೋ ಹೋಗು" ಅನ್ನುವಳು ಅವಳು. ಮ್ಯಾನೇಜರು ಎರಡು ಸಲ ಕರೆದು ಬೈದರು. ತಲೆಯಾಡಿಸಿ ಬಂದಳು, ಕೂತಳು, ಮತ್ತೆ ಎಪ್ಪತ್ತೇ. ಹಠ ಅಂದರೆ ಅದಪ್ಪಾ!

ಸುಮ್ಮಸುಮ್ಮನೆ ಹಿಡಿದ ಹಠವಲ್ಲ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜನಿಗೆ ಬೋರ್ಡು ನೋಡಿ ಐವತ್ತು ಅಂದಿದ್ದಳು. ಅವನ ಹೆಂಡತಿ ಬರುತ್ತಿದ್ದ ವಿಮಾನ ಗಾಳಿಯ ರಭಸಕ್ಕೆ ಇಳಿಯಲಾಗದೆ ಹದಿನೆಂಟು ನಿಮಿಷ ಮೇಲೇ ಸುತ್ತಿತು. ಅಜ್ಜಿಯೇನೋ ನಗುನಗುತ್ತಾ ಇಳಿದು ಬಂದಳು. ಆದರೆ ಅಷ್ಟು ಹೊತ್ತೂ ಅಜ್ಜ ಕಿಟಕಿಯ ಮುಂದಿನ ಕಂಬಿ ಹಿಡಿದು ಬೆವರಿ ನಡುಗಿದ್ದನ್ನು ಅಕ್ಕ ಕಣ್ಣಾರೆ ಕಂಡಳು. "ಬೇಗ ಬಂತು ಅಂತ ಯಾರ ಎದೆನೂ ಹೊಡ್ಕೊಳ್ಳಲ್ಲ ಕಣೋ" ಅಂತ ತೂಗುವವನ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದಳು.

ಹೋದ ತಿಂಗಳು ಅವಳ ಗಂಡನಿಗೆ ಗುಡ್ಡದಾಚೆಯ ಊರಲ್ಲಿ ಎದೆಯ ಆಪರೇಷನ್ ಆಯಿತು. ಜೊತೆಗೆ ಮಗಳಿದ್ದಳು. ಬಸ್ಸು ಬೇಡವೇ ಬೇಡ, ವಿಮಾನದಲ್ಲೇ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಅವರು ಬರುವ ದಿನ ಅಕ್ಕ ರಜೆ ಹಾಕಿ, ಮೊದಲ ಸಲ ಕಿಟಕಿಯ ಈಚೆಗೆ, ಕಾಯುವವರ ನಡುವೆ ನಿಂತಳು. ಅವಳ ಕುರ್ಚಿಯಲ್ಲಿ ತೂಗುವವನು ಕೂತಿದ್ದ.

ಅಲ್ಲಿಂದ ವಿಮಾನ ಹೊರಟ ಸುದ್ದಿ ಬಂತು. ಅಕ್ಕ ಗಡಿಯಾರ ನೋಡಿಕೊಂಡಳು. ಐವತ್ತು ನಿಮಿಷವಾಯಿತು, ವಿಮಾನದ ಸುಳಿವಿಲ್ಲ. ಐವತ್ತೈದಾಯಿತು. ಹೊಲಿಗೆ ಇನ್ನೂ ಹಸಿ, ಮೇಲೆ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ? ಓಡಿಬಂದು ಕಂಬಿ ಹಿಡಿದಳು, ಥೇಟ್ ಆ ಅಜ್ಜನ ಹಾಗೆ.

"ಯಾಕೋ ಇನ್ನೂ ಬಂದಿಲ್ಲ? ಇನ್ನೆಷ್ಟು ಹೊತ್ತೋ?"

ತಮಾಷೆ ಬಿಟ್ಟು ಬೇರೆ ಆಡದ ಬಾಯಿ ಅವನದು. ಅವತ್ತು ಮಾತ್ರ ತಮಾಷೆ ಆಡಲಿಲ್ಲ. ಬೋರ್ಡಿಗೆ ಅಡ್ಡವಾಗಿ ನೆಟ್ಟಗೆ ಕೂತು ಹೇಳಿದ: "ಅಲ್ಲಿಂದ ಹೊರಟ ಮೇಲೆ ಎಪ್ಪತ್ತು ನಿಮಿಷ, ಅಕ್ಕಾ. ಇನ್ನೂ ಟೈಮಿದೆ, ಕೂತ್ಕೊಳ್ಳಿ."

ತಾನೇ ಕಟ್ಟಿದ ಸುಳ್ಳು ಅಂತ ಅವಳಿಗೆ ಗೊತ್ತಿಲ್ಲವೇ? ಆದರೂ ಕೇಳಿದ್ದೇ ತಡ ಕಂಬಿ ಬಿಟ್ಟಳು. ಹೋಗಿ ಕೂತಳು.

ಅರವತ್ತಮೂರನೇ ನಿಮಿಷಕ್ಕೆ ಚಕ್ರ ನೆಲ ಮುಟ್ಟಿತು. ಮಗಳ ತೋಳು ಹಿಡಿದು ಮೆಲ್ಲಗೆ ಹೊರಬಂದ ಗಂಡ ಅವಳ ಕೆಂಪು ಕಣ್ಣು ನೋಡಿ, "ತಡ ಆಯ್ತು ಅಲ್ವಾ? ಗಾಬರಿ ಆದ್ಯಾ?" ಅಂದ.

"ತಡ ಎಲ್ಲಿ ರೀ?" ಅಂದಳು ಅಕ್ಕ, ಅವನ ಕೈಯ ಚೀಲ ಕಿತ್ತುಕೊಂಡು. "ಏಳು ನಿಮಿಷ ಮುಂಚೆನೇ ಬಂದಿದ್ದೀರಿ."